ಬೇಸಿಗೆಗೆ ಮುನ್ನ ಕುಂಬಾರಿಕೆ ಶಾಲೆ ತೆರೆದದ್ದು: ನನ್ನ ಅನುಭವ

ಅಮೆರಿಕದ ಮೇನ್ ರಾಜ್ಯದ ಡಿಯರ್ ಐಲ್ ದ್ವೀಪದಲ್ಲಿರುವ ಹೇಸ್ಟ್ಯಾಕ್ ಮೌಂಟನ್ ಕರಕುಶಲ ಶಾಲೆಯ ಕುಂಬಾರಿಕೆ ಕಾರ್ಯಾಗಾರವನ್ನು ಚಳಿಗಾಲ ಕಳೆದ ಮೇಲೆ ಬೇಸಿಗೆಗೆ ಅಣಿಗೊಳಿಸುವ ಕೆಲಸವನ್ನು ನಾನು ಎರಡು ವರ್ಷ ಮಾಡಿದೆ. ದ್ವೀಪದಲ್ಲಿ ಹೇಸ್ಟ್ಯಾಕ್ ಎಂಬ ಬೆಟ್ಟವನ್ನು ಹುಡುಕುವವರಿಗೆ ಅದು ಸಿಗುವುದಿಲ್ಲ. 1950ರಲ್ಲಿ ಶಾಲೆ ಆರಂಭವಾದದ್ದು ಒಳನಾಡಿನಲ್ಲಿ, ಆ ಬೆಟ್ಟದ ಬಳಿ. 1961ರಲ್ಲಿ ಕಡಲ ದಂಡೆಗೆ ಬಂದಾಗ ಹೆಸರೂ ಜೊತೆಗೇ ಬಂತು. ವಾಸ್ತುಶಿಲ್ಪಿ ಎಡ್ವರ್ಡ್ ಲಾರಬಿ ಬಾರ್ನ್ಸ್ ಅವರು ಬಂಡೆಯನ್ನು ಸಿಡಿಸದೆ, ಇಳಿಜಾರಿನ ಮೇಲೆ ಕಂಬಗಳನ್ನು ನಿಲ್ಲಿಸಿ ಮರದ ಕಟ್ಟಡಗಳನ್ನು ಕೂರಿಸಿದ್ದಾರೆ, ನಡುವೆ ಕಡಲಿನತ್ತ ಇಳಿಯುವ ಉದ್ದನೆಯ ಮೆಟ್ಟಿಲಿದೆ. ಅದು ಎಷ್ಟು ಸುಂದರವೋ, ಮಣ್ಣಿನ ಪೆಟ್ಟಿಗೆ ಹೊತ್ತವನಿಗೆ ಅಷ್ಟೇ ಉದ್ದವೂ ಹೌದು.

ಮೊದಲ ವರ್ಷ ನಾನು ಮಡಕೆ ಸುಡುವ ಆವಿಗೆಗಳಿಂದ ಆರಂಭಿಸಿದೆ, ಏಕೆಂದರೆ ನನಗೆ ಆಸಕ್ತಿಯಿದ್ದದ್ದು ಅವುಗಳಲ್ಲೇ. ನೀರಿನ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹಿಂದಿನ ಶರತ್ಕಾಲದಲ್ಲಿ ಕಾರ್ಯಾಗಾರವನ್ನು ಮುಚ್ಚಿದವನೂ ನಾನೇ. ಕೊಳವೆಗಳ ನೀರನ್ನೆಲ್ಲ ಹೊರಬಿಟ್ಟಿದ್ದೆನಾದರೂ ತೊಟ್ಟಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ನಿಂತ ನೀರನ್ನು ಮರೆತಿದ್ದೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ, ಆ ಬಾಗು ಉದ್ದಕ್ಕೂ ಸೀಳಿತ್ತು. ಇದು ಗೊತ್ತಾದದ್ದು ಮೇ ತಿಂಗಳ ಕೊನೆಯ ವಾರದಲ್ಲಿ, ಮೊದಲ ತಂಡ ಬರುವ ಹೊತ್ತಿಗೆ.

ಚಳಿಗಾಲದಲ್ಲಿ ಕೊಳಾಯಿ ಕೆಲಸ ಮಾಡುವ ಹಿರಿಯ ಮೀನುಗಾರರೊಬ್ಬರ ಮನೆಗೆ ಹೋದೆ. ಅಂಗಳದಲ್ಲಿ ಲಾಬ್‌ಸ್ಟರ್ (ದೊಡ್ಡ ಸೀಗಡಿಯಂಥ ಕಡಲಜೀವಿ) ಹಿಡಿಯುವ ಬೋನುಗಳ ರಾಶಿ ಅರ್ಧ ಕರಗಿತ್ತು, ಉಳಿದರ್ಧ ದೋಣಿಗೆ ಏರುತ್ತಿತ್ತು. ಮೇನ್‌ನಲ್ಲಿ ಒಬ್ಬ ಲಾಬ್‌ಸ್ಟರ್ ಮೀನುಗಾರ 800 ಬೋನುಗಳವರೆಗೆ ಇಳಿಸಬಹುದು, ಮತ್ತು ದ್ವೀಪದ ತುದಿಯ ಸ್ಟೋನಿಂಗ್ಟನ್ ರಾಜ್ಯದ ದೊಡ್ಡ ಲಾಬ್‌ಸ್ಟರ್ ಬಂದರುಗಳಲ್ಲೊಂದು. ನೀರು ಬೆಚ್ಚಗಾದಂತೆ ಲಾಬ್‌ಸ್ಟರ್ ದಡದತ್ತ ಸರಿಯುತ್ತದೆ, ಆಗ ಯಾರ ಕೈಯೂ ಬಿಡುವಾಗಿರುವುದಿಲ್ಲ. "ಬೋನು ನೀರಿಗೆ ಬೀಳುವ ಮುಂಚೆ ಬರಬೇಕಿತ್ತಲ್ಲ" ಎಂದರು. ಬೈಗುಳವಲ್ಲ, ಪಂಚಾಂಗ ಓದಿದ ಹಾಗಿತ್ತು. ಆದರೂ ಅಂದು ರಾತ್ರಿ ಎಂಟಕ್ಕೆ ಬಂದು ಬಾಗನ್ನು ಬದಲಿಸಿಕೊಟ್ಟರು.

ಮುಂದಿನ ವರ್ಷ ನಾನು ಏಪ್ರಿಲ್‌ನಲ್ಲೇ ಅವರ ಬಳಿ ಹೋದೆ. ಅವರು ಬೋನು ಇಳಿಸಿದ ಜಾಗ ತೋರಿಸುವ ತೇಲುಬುರುಡೆಗಳಿಗೆ ಬಣ್ಣ ಹಚ್ಚುತ್ತಿದ್ದರು. ಪ್ರತಿಯೊಬ್ಬ ಮೀನುಗಾರನಿಗೂ ತನ್ನದೇ ಬಣ್ಣದ ಗುರುತಿದ್ದು, ದೋಣಿಯ ಮೇಲೂ ಅದನ್ನೇ ತೋರಿಸಬೇಕು. ಎರಡು ದಿನ ನಾನೂ ಕುಂಚ ಹಿಡಿದೆ, ಮೂರನೆಯ ದಿನ ಅವರು ನಮ್ಮ ಕೊಳವೆಗಳಿಗೆ ಒತ್ತಡ ಕೊಟ್ಟು ಒಂದೊಂದೇ ಕೀಲನ್ನು ತಪಾಸಣೆ ಮಾಡಿದರು. ನೀರು ಮತ್ತು ಮಣ್ಣಿಗೆ ಇತರರ ಕೈಯೂ ಕಾಲವೂ ಬೇಕು, ಆವಿಗೆಗೆ ನಾನೊಬ್ಬನೇ ಸಾಕು; ಆದ್ದರಿಂದ ಆವಿಗೆಯೇ ಕೊನೆ.

ಮಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಿಸಿಮಾಡದ ಕಟ್ಟಡದಲ್ಲಿ ಉಳಿದ ಮಣ್ಣು ಹೆಪ್ಪುಗಟ್ಟಿ, ಅದರೊಳಗಿನ ನೀರು ಮಂಜುಗಡ್ಡೆಯ ಹಾಳೆಗಳಾಗಿ ಬೇರ್ಪಟ್ಟಿರುತ್ತದೆ. ಕರಗಿದ ಮೇಲೆ ಕತ್ತರಿಸಿ ನೋಡಿದರೆ ಪದರಪದರವಾಗಿ, ನಡುನಡುವೆ ಒದ್ದೆಯಾಗಿ ಕಾಣುತ್ತದೆ. ಹಾಗೆಯೇ ತಿಗರಿಯ ಮೇಲಿಟ್ಟರೆ ಗೋಡೆ ಎತ್ತುವಾಗ ಹರಿಯುತ್ತದೆ. ಸುಮಾರು 23 ಕಿಲೋಗ್ರಾಂ ತೂಗುವ ಪೆಟ್ಟಿಗೆಯ ಹೊರಭಾಗ ಮೆತ್ತಗಾದರೂ ಒಡಲು ಕಲ್ಲಾಗಿಯೇ ಇರುತ್ತದೆ. ಮೊದಲ ವರ್ಷ ಹೀಟರಿನ ಪಕ್ಕದಲ್ಲಿಟ್ಟು ಹೊರಪದರವನ್ನು ಒಣಗಿಸಿಕೊಂಡೆ. ಈಗ ಚೀಲ ಬಿಚ್ಚದೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಟ್ಟು, ದಿನಕ್ಕೊಮ್ಮೆ ತಿರುಗಿಸುತ್ತ ಒಂದು ವಾರ ಬಿಡುತ್ತೇನೆ; ಆಮೇಲೆ ಚೆನ್ನಾಗಿ ನಾದಿದರೆ ಹದ ಮರಳುತ್ತದೆ. ಕೆಟ್ಟುಹೋಯಿತೆಂದು ಎಸೆಯುವ ಅಗತ್ಯವಿಲ್ಲ. ಹಳೆಯ ಚೂರುಗಳನ್ನು ಮಾತ್ರ ಪೂರ್ತಿ ಒಣಗಿಸಿಯೇ ನೆನೆಹಾಕುತ್ತೇನೆ, ಏಕೆಂದರೆ ಒಣಮಣ್ಣು ನೀರಿನಲ್ಲಿ ಬಿದ್ದೊಡನೆ ಕುಸಿದು ಕರಗುತ್ತದೆ, ಅರೆತೇವದ ಮಣ್ಣು ಗಂಟುಗಂಟಾಗಿಯೇ ಉಳಿಯುತ್ತದೆ. ಚಳಿಗಾಲದ ಧೂಳನ್ನು ಪೊರಕೆಯಿಂದ ಗುಡಿಸುವುದಿಲ್ಲ. ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಒದ್ದೆಬಟ್ಟೆಯಿಂದಲೇ ಒರೆಸಬೇಕು.

ವಿದ್ಯುತ್ ಆವಿಗೆಯ ಇಟ್ಟಿಗೆಗಳು ತಿಂಗಳುಗಟ್ಟಲೆ ಕಡಲ ಮಂಜನ್ನು ಹೀರಿರುತ್ತವೆ. ಮುಚ್ಚಳವನ್ನು ತುಸು ಎತ್ತಿಟ್ಟು, ನೀರು ಕುದಿಯುವ ಮಟ್ಟಕ್ಕಿಂತ ಕೆಳಗೆ, ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡೀ ರಾತ್ರಿ ಇಡುತ್ತೇನೆ. ಅದಕ್ಕೂ ಮುಂಚೆ ತಂತಿಸುರುಳಿಗಳ ವಿದ್ಯುತ್ ರೋಧವನ್ನು ಅಳೆಯುತ್ತೇನೆ. ಹೊಸದಿದ್ದಾಗಿನದಕ್ಕಿಂತ ಹತ್ತನೆಯ ಒಂದು ಭಾಗ ಹೆಚ್ಚಿದ್ದರೆ ಬದಲಿಸುತ್ತೇನೆ. ಮೊದಲ ವರ್ಷ ಅಳೆಯದೆ ಬಿಟ್ಟದ್ದರ ಫಲವಾಗಿ, ಮೊದಲ ತಂಡದ ಗ್ಲೇಜ್ (ಗಾಜಿನಂಥ ಲೇಪ) ಸುಡುವಾಗ ಆವಿಗೆ ಅರ್ಧ ದಾರಿಯಲ್ಲೇ ದಣಿದು ನಿಂತಿತು.

ಆಮೇಲೆ ಖಾಲಿ ಆವಿಗೆಯಲ್ಲಿ ಮೇಲೆ, ನಡುವೆ, ಕೆಳಗೆ ಪರೀಕ್ಷಾ ಕೋನ್‌ಗಳನ್ನು (ನಿಗದಿತ ಬಿಸಿಗೆ ಬಾಗುವ ಪುಟ್ಟ ಶಂಕುಗಳು) ಇಟ್ಟು ಕೋನ್ 04 ಎಂಬ ಸಂಖ್ಯೆಯದು ಬಾಗುವವರೆಗೆ, ಅಂದರೆ ಸುಮಾರು 1060 ಡಿಗ್ರಿಗೆ, ಒಮ್ಮೆ ಸುಡುತ್ತೇನೆ. ಉಷ್ಣಮಾಪಕದ ತಂತಿಗೂ ವಯಸ್ಸಾಗುವುದರಿಂದ ಪರದೆಯ ಅಂಕಿಗಿಂತ ಬಾಗಿದ ಕೋನ್ ನನಗೆ ಹೆಚ್ಚು ನಂಬಿಕಸ್ಥ. ಎರಡನೆಯ ವರ್ಷ ಕೆಳಗಿನದು ಅರ್ಧವೇ ಬಾಗಿತ್ತು. ಆವಿಗೆಯ ಕೆಳಹಲಗೆ ಉಳಿದವುಗಳಿಗಿಂತ ತಣ್ಣಗಿದೆಯೆಂದು ಬಾಗಿಲಿಗೆ ಚೀಟಿ ಅಂಟಿಸಿದೆ.

ಅದರ ಪಕ್ಕದಲ್ಲೇ ಶರತ್ಕಾಲದಲ್ಲಿ ಮುಚ್ಚುವಾಗ ನೋಡಬೇಕಾದ ಇನ್ನೊಂದು ಚೀಟಿಯನ್ನೂ ಆಗಲೇ ಅಂಟಿಸಿದ್ದೇನೆ. ಅದರ ಮೊದಲ ಸಾಲಿನಲ್ಲಿರುವುದು ತೊಟ್ಟಿಯ ಕೆಳಗಿನ ಬಾಗು.