ಎದುರುಗಾಳಿ ಇದ್ದರೆ ಇನ್ನೊಬ್ಬರ ಬೆನ್ನ ಹಿಂದೆ ಓಡಿ

5 ಅಥವಾ 10 ಕಿ.ಮೀ. ರಸ್ತೆ ಓಟದ ದಿನ ಗಾಳಿ ಜೋರಾಗಿದ್ದರೆ, ಎದುರುಗಾಳಿಯ ಭಾಗದಲ್ಲಿ ನಿಮ್ಮದೇ ವೇಗದ ಒಬ್ಬರನ್ನು ಹುಡುಕಿ, ಅವರ ಬೆನ್ನ ಹಿಂದೆ ಸುಮಾರು ಒಂದು ಮೀಟರ್ ಅಂತರದಲ್ಲಿ ಓಡಿ. ಅಷ್ಟು ಹೊತ್ತು ವಾಚ್ ನೋಡಲೇಬೇಡಿ, ಉಸಿರಿನ ಲೆಕ್ಕದಲ್ಲಿ ಹೋಗಿ. ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಅಲ್ಲಿ ಮಾಮೂಲಿ ವೇಗಕ್ಕೇ ಹಟ ಹಿಡಿದರೆ ಕಾಲು ಬೇಗ ಸೋಲುತ್ತದೆ. ವಾಪಸ್ ಬರುವಾಗ ಗಾಳಿ ಬೆನ್ನಿಗಿದ್ದರೂ ಕಳೆದ ಸಮಯ ಪೂರ್ತಿ ಸಿಗುವುದಿಲ್ಲ. ಮಳೆಯೂ ಇದ್ದರೆ ನೇರ ಹಿಂದೆ ಬೇಡ, ಅರ್ಧ ಹೆಜ್ಜೆ ಪಕ್ಕಕ್ಕಿರಿ. ಮುಂದಿನವರ ಶೂ ಎರಚುವ ಕೆಸರು ನೀರು ತಪ್ಪುತ್ತದೆ, ರಸ್ತೆಯ ಗುಂಡಿಯೂ ಬಿಳಿ ಪಟ್ಟಿಯೂ ಮೊದಲೇ ಕಾಣುತ್ತವೆ (ಒದ್ದೆಯಾದ ಪಟ್ಟಿ ಡಾಂಬರಿಗಿಂತ ಹೆಚ್ಚು ಜಾರುತ್ತದೆ, ತಿರುವಿನಲ್ಲಂತೂ ಅದರ ಮೇಲೆ ಕಾಲಿಡಬೇಡಿ). ಗಾಳಿ ಪಕ್ಕದಿಂದ ಬೀಸುತ್ತಿದ್ದರೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಸೆಕೆಯ ದಿನ ಪೂರ್ತಿ ಉಲ್ಟಾ: ಬೆವರು ಆರಲು ಆ ಗಾಳಿಯೇ ಬೇಕು, ಗುಂಪಿನಿಂದ ಹೊರಗೆ ಓಡಿ. ಇನ್ನೊಂದು, ಕೊನೆವರೆಗೂ ಒಬ್ಬರನ್ನೇ ಮರೆ ಮಾಡಿಕೊಂಡು ಓಡುವುದು ಚೆನ್ನಾಗಿರಲ್ಲ. ನಡುನಡುವೆ ನೀವೂ ಸ್ವಲ್ಪ ಹೊತ್ತು ಮುಂದೆ ಹೋಗಿ.