ರಸಮಟ್ಟಕ್ಕೆ ಕಾಲು ಲೀಟರ್ ರಸ

ನಾನು ಗಾರೆ ಮೇಸ್ತ್ರಿ. ಊರು ಮಂಡ್ಯದ ಪಕ್ಕ, ಕೆಲಸ ಜಾಸ್ತಿ ಮೈಸೂರಿನ ಬಡಾವಣೆಗಳಲ್ಲಿ. ಬಾಂಡ್ಲಿ ಹೊತ್ತು ಶುರು ಮಾಡಿದವನು ಈಗ ಸಣ್ಣಪುಟ್ಟ ಮನೆಗಳನ್ನು ಒಪ್ಪಿಕೊಂಡು ಕಟ್ಟುತ್ತೇನೆ. ಕರಣೆ, ದಾರ, ತೂಗುಗುಂಡಿನ ಜೊತೆಗೆ ಸೈಟಿಗೆ ನಾನು ತಪ್ಪದೆ ತೆಗೆದುಕೊಂಡು ಹೋಗುವ ಇನ್ನೊಂದು ಸಾಮಾನು ತಮಾಷೆ. ಹುಡುಗರಿಗೆ ಕೆಲಸ ಕಲಿಸಿದ್ದು ಅದರಿಂದ. ಕೆಟ್ಟ ಇಟ್ಟಿಗೆ ವಾಪಸ್ ಕಳಿಸಿದ್ದು ಅದರಿಂದ. ಬರಬೇಕಾದ ದುಡ್ಡು ತರಿಸಿಕೊಂಡದ್ದೂ ಅದರಿಂದಲೇ. ಸಿಮೆಂಟಿಗಿಂತ ಅಗ್ಗ, ಮಳೆಯಲ್ಲಿ ನೆನೆದರೂ ಕೆಡುವುದಿಲ್ಲ.

ಹೊಸ ಹುಡುಗ ಬಂದ ಅಂದರೆ ಮೊದಲ ವಾರದಲ್ಲೇ ಅವನಿಗೆ ಒಂದು ದೀಕ್ಷೆ ಇರುತ್ತದೆ. ಮೇಸ್ತ್ರಿ ಬಹಳ ಗಂಭೀರವಾಗಿ ರಸಮಟ್ಟ, ಅಂದರೆ ರಸ ತುಂಬಿ ಮುಚ್ಚಿದ ಕೊಳವೆಯಲ್ಲಿ ಗುಳ್ಳೆ ನೋಡಿ ಮಟ್ಟ ಹಿಡಿಯುವ ಸ್ಪಿರಿಟ್ ಲೆವೆಲ್, ಎತ್ತಿ ಬಿಸಿಲಿಗೆ ಹಿಡಿಯುತ್ತಾನೆ. ಹುಬ್ಬು ಗಂಟಿಕ್ಕುತ್ತಾನೆ. "ಲೇ ಮಗಾ, ಇದ್ರಾಗೆ ರಸ ಕಮ್ಮಿ ಆಗೈತೆ ಕಣ್ಲಾ. ಅಂಗ್ಡಿಗೋಗಿ ಕಾಲು ಲೀಟ್ರು ರಸ ಈಸ್ಕೊಂಡ್ ಬಾ." ಹುಡುಗ ಓಡುತ್ತಾನೆ. ಹಾರ್ಡ್‌ವೇರ್ ಅಂಗಡಿಯವರು ನಮ್ಮ ಕಡೆಯವರೇ. ಅವರು ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ ಕೇಳುತ್ತಾರೆ, "ಹಸಿರು ರಸವೋ ಹಳದಿ ರಸವೋ?" ಹುಡುಗ ವಾಪಸ್ ಬರುತ್ತಾನೆ. ಹಸಿರು ಅಂತ ಹೇಳಿ ಕಳಿಸುತ್ತೇವೆ. "ಗುಳ್ಳೆ ಸಮೇತ ಬೇಕಾ, ಗುಳ್ಳೆ ಇಲ್ಲದ್ದು ಬೇಕಾ?" ಮತ್ತೆ ವಾಪಸ್. ಮೂರನೇ ಸಲ ಹೋದಾಗ "ಪಾತ್ರೆ ಎಲ್ಲಪ್ಪ?" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅಂಗಡಿ ಮುಂದೆ ಚಹಾ ಕುಡಿಯುತ್ತಿದ್ದವರಿಗೆಲ್ಲ ವಿಷಯ ಗೊತ್ತಾಗಿರುತ್ತದೆ. ನಗು ಕೇಳಿದ ಮೇಲೆ ಹುಡುಗನಿಗೆ ತಲೆಗೆ ಹತ್ತುತ್ತದೆ.

ಸುಮ್ನೆ ಗೋಳು ಹೊಯ್ದುಕೊಂಡಂತೆ ಕಾಣುತ್ತದೆ, ಅಲ್ವಾ? ಆದರೆ ನಾನು ಅದನ್ನು ಅಲ್ಲಿಗೇ ಬಿಡುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸಮಟ್ಟ ಕೈಗೆ ಕೊಡುತ್ತೇನೆ. ಒಳಗಿನ ಕೊಳವೆ ನಡುವೆ ಸ್ವಲ್ಪ ಉಬ್ಬಿರುತ್ತದೆ. ಗಾಳಿಯ ಗುಳ್ಳೆ ಯಾವಾಗಲೂ ಎತ್ತರದ ಜಾಗ ಹುಡುಕಿಕೊಂಡು ಓಡುತ್ತದೆ. ಮಟ್ಟ ಸರಿ ಇದ್ದರೆ ಆ ಎತ್ತರದ ಜಾಗ ಎರಡು ಗೆರೆಗಳ ನಡುವೆ ಬರುತ್ತದೆ. ರಸಮಟ್ಟವೇ ಸುಳ್ಳು ಹೇಳುತ್ತಿದೆಯಾ ಅಂತ ನೋಡಬೇಕಾದರೆ ಅದೇ ಜಾಗದಲ್ಲಿ ತಿರುಗಿಸಿ ಇಡಬೇಕು, ಬಲದ ತುದಿ ಎಡಕ್ಕೆ. ಗುಳ್ಳೆ ಮೊದಲು ನಿಂತ ಕಡೆಯೇ ನಿಂತರೆ ಸಾಚಾ. ಆಮೇಲೆ ಟ್ಯೂಬ್ ಲೆವೆಲ್ ತೋರಿಸುತ್ತೇನೆ. ನೀರು ತುಂಬಿದ ಆ ಉದ್ದ ಪೈಪಿನಲ್ಲಿ ಎಲ್ಲಾದರೂ ಗುಳ್ಳೆ ಸಿಕ್ಕಿಕೊಂಡರೆ ಎರಡೂ ತುದಿಯ ಮಟ್ಟ ತಪ್ಪುತ್ತದೆ. ಬೆರಳಲ್ಲಿ ತಟ್ಟಿ ತಟ್ಟಿ ಹೊರಗೆ ಓಡಿಸಬೇಕು. "ನೋಡ್ಲಾ, ಇದ್ರಾಗೆ ಗುಳ್ಳೆ ಬೇಕು, ಅದ್ರಾಗೆ ಬ್ಯಾಡ. ಅಂಗಡಿಯೋರು ಕೇಳಿದ್ದು ಸರಿಯಾಗೇ ಐತೆ." ನಾಲ್ಕು ಜನರ ಮುಂದೆ ನಗೆಗೀಡಾದ ಹುಡುಗ ಈ ಪಾಠವನ್ನು ಮುದುಕನಾದರೂ ಮರೆಯುವುದಿಲ್ಲ. ಅಷ್ಟೇ ಅಲ್ಲ, ಮುಂದಿನ ಹುಡುಗ ಯಾವಾಗ ಬರುತ್ತಾನೆ ಅಂತ ಕಾಯಲು ಶುರು ಮಾಡುತ್ತಾನೆ.

ಇನ್ನು ಇಟ್ಟಿಗೆ. ಇಟ್ಟಿಗೆ ಲಾರಿ ಬಂದಾಗ ಡ್ರೈವರ್ ಹತ್ತಿರ ಜಗಳಕ್ಕೆ ನಿಂತರೆ ಅವನು ಅನ್‌ಲೋಡ್ ಮಾಡಿ ಹೋಗೇ ಬಿಡುತ್ತಾನೆ. ಆಮೇಲೆ ಫೋನ್ ಎತ್ತುವುದಿಲ್ಲ. ಅದಕ್ಕೆ ನಾನು ನಗುತ್ತಾ ಲಾರಿ ಹತ್ತುತ್ತೇನೆ. ನಡುವಿನ ಸಾಲಿನಿಂದ ಎರಡು ಇಟ್ಟಿಗೆ ಕಿತ್ತು ಡ್ರೈವರ್ ಕಿವಿ ಹತ್ತಿರ ಒಂದಕ್ಕೊಂದು ಬಡಿಯುತ್ತೇನೆ. ಚೆನ್ನಾಗಿ ಬೆಂದದ್ದು ಟಣ್ ಅನ್ನುತ್ತದೆ. ಬೇಯದ್ದು ದಬ್ ಅನ್ನುತ್ತದೆ. "ಏನಣ್ಣ, ನಿನ್ನ ಇಟ್ಟಿಗೆಗೆ ನೆಗಡಿನಾ? ಗಂಟಲು ಕಟ್ಟಿದೆ." ಆಳುಗಳು ನಗುತ್ತಾರೆ, ಅವನೂ ನಗುತ್ತಾನೆ. ನಕ್ಕ ಮೇಲೆ ಜಗಳ ಆಡುವುದು ಕಷ್ಟ. ಉಗುರಲ್ಲಿ ಕೆರೆದು ನೋಡುತ್ತೇನೆ, ಗೆರೆ ಬಿದ್ದರೆ ಬೇಡ ಅಂತ ಪಕ್ಕಕ್ಕಿಡುತ್ತೇನೆ. ಮೂರು ಅಡಿ ಮೇಲಿಂದ ನೆಲಕ್ಕೆ ಬಿಡುತ್ತೇನೆ, ಒಳ್ಳೆಯದಾದರೆ ಒಡೆಯುವುದಿಲ್ಲ. ಅನುಮಾನ ಇದ್ದರೆ ಒಂದೆರಡನ್ನು ತೂಗಿ 24 ಗಂಟೆ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗುತ್ತೇವೆ. ತನ್ನ ತೂಕದ ನೂರಕ್ಕೆ 20 ಪಾಲಿಗಿಂತ ಜಾಸ್ತಿ ನೀರು ಹೀರಬಾರದು. 3 ಕೆಜಿ ಇಟ್ಟಿಗೆ ನೆಂದ ಮೇಲೆ 3 ಕೆಜಿ 600 ಗ್ರಾಂ ದಾಟಿದರೆ ಅದು ನಮ್ಮ ಸೆಂಟ್ರಿಂಗ್ ಹುಡುಗರಿಗಿಂತ ದೊಡ್ಡ ಕುಡುಕ ಅಂತ ಲೆಕ್ಕ.

ಒಳ್ಳೆ ಇಟ್ಟಿಗೆಯನ್ನೂ ನೆನೆಸಿಯೇ ಕಟ್ಟಬೇಕು. ಒಣಗಿದ್ದನ್ನು ಇಟ್ಟರೆ ಗಾರೆಯಲ್ಲಿರುವ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಸಿಮೆಂಟಿಗೆ ನೀರೇ ಉಳಿಯುವುದಿಲ್ಲ, ಸಂದು ಪುಡಿಪುಡಿ. ಇದನ್ನು ಎಷ್ಟು ಸಲ ಹೇಳಿದರೂ ಕೇಳುತ್ತಿರಲಿಲ್ಲ. ಕೊನೆಗೆ ಸೈಟಿನ ತೊಟ್ಟಿ ಮೇಲೆ ಇದ್ದಿಲಲ್ಲಿ ಬರೆದೆ: "ಇಟ್ಟಿಗೆ ಕುಡಿದು ಬರಬೇಕು, ಮೇಸ್ತ್ರಿ ಕುಡಿಯದೆ ಬರಬೇಕು." ಅವತ್ತಿನಿಂದ ತೊಟ್ಟಿ ಖಾಲಿ ಬಿದ್ದಿಲ್ಲ. ಬರಹದ ಎರಡನೇ ಭಾಗದ ಬಗ್ಗೆ ಅಷ್ಟು ಖಾತ್ರಿಯಾಗಿ ಹೇಳಲಾರೆ. ಶನಿವಾರ ಬಟವಾಡೆ ಆದರೆ ಸೋಮವಾರದ ಹಾಜರಿ ಹೇಗಿರುತ್ತದೆ ಅಂತ ಈ ಕಸುಬಿನವರಿಗೆ ಗೊತ್ತು.

ನನಗೆ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿ ಯಾರನ್ನೂ ನೇರವಾಗಿ ಬೈದವರಲ್ಲ. ಕೈಜಾರಿ ಇಟ್ಟಿಗೆ ಒಡೆದರೆ "ಏನ್ಲಾ, ಕನ್ನಂಬಾಡಿ ಕಟ್ಟಕ್ಕೆ ಹೊಂಟಿದ್ದೀಯಾ?" ಅನ್ನುತ್ತಿದ್ದರು. ಬಹಳ ದಿನ ನನಗೆ ಅದು ಅರ್ಥವಾಗಿರಲಿಲ್ಲ. ಕನ್ನಂಬಾಡಿ ಕಟ್ಟೆ ಶುರುವಾದದ್ದು 1911ರಲ್ಲಿ. ಅದಕ್ಕೆ ಬಳಸಿದ್ದು ಸುರ್ಕಿ ಗಾರೆ, ಅಂದರೆ ಸುಣ್ಣದ ಜೊತೆ ಇಟ್ಟಿಗೆ ಪುಡಿ. ಇವನು ಇಟ್ಟಿಗೆ ಪುಡಿ ಮಾಡುವ ವೇಗ ನೋಡಿದರೆ ಇನ್ನೊಂದು ಅಣೆಕಟ್ಟೆ ಏಳುತ್ತದೆ ಅನ್ನುವುದು ಅವರ ಮಾತು. ಬೈಗುಳವೂ ಆಯಿತು, ಇತಿಹಾಸವೂ ಆಯಿತು.

ಅವರ ಜೊತೆ ಮೈಸೂರಿನ ಒಂದು ಹಳೇ ಮನೆಯ ತಾರಸಿ ರಿಪೇರಿಗೆ ಹೋಗಿದ್ದೆ. ಮರದ ತೊಲೆ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಮದ್ರಾಸ್ ತಾರಸಿ. ಅದಕ್ಕೆ ಹಳೇ ಕ್ರಮದಲ್ಲೇ ಸುಣ್ಣಕ್ಕೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಬೇಕಿತ್ತು. ಬಂದ ಆಳುಗಳೆಲ್ಲ ಮಂಡ್ಯದವರು. ಬೆಲ್ಲದ ಅಚ್ಚು ಎದುರಿಗಿಟ್ಟು ಗಾರೆಗೆ ಹಾಕಿ ಅಂದರೆ ಎಷ್ಟು ಗಾರೆಗೆ ಹೋಗುತ್ತದೆ ಹೇಳಿ? ದೊಡ್ಡ ಮೇಸ್ತ್ರಿ ಅದಕ್ಕೂ ದಾರಿ ಕಂಡುಕೊಂಡಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೆಲ್ಲ ಕುಟ್ಟಿ ಅಳಲೆಕಾಯಿ ನೀರಿಗೆ ಬೆರೆಸಿಬಿಡುತ್ತಿದ್ದರು. ಗೊತ್ತಿಲ್ಲದೆ ಬೆರಳು ಅದ್ದಿ ನೆಕ್ಕಿದವನ ಮುಖ ನೋಡಿದರೆ ಸಾಕು, ಯಾರು ಕಳ್ಳ ಅಂತ ಗೊತ್ತಾಗುತ್ತಿತ್ತು. ಆ ಒಗರು ಮಧ್ಯಾಹ್ನದ ಮುದ್ದೆ ಊಟದ ತನಕ ಬಾಯಿ ಬಿಡುವುದಿಲ್ಲ.

ತಮಾಷೆ ನಿಜವಾಗಿ ಬೇಕಾಗುವುದು ಮನೆ ಯಜಮಾನರ ಹತ್ತಿರ. ಅದರಲ್ಲೂ ಮನೆಯ ಅಳತೆ ಶುಭವೋ ಅಶುಭವೋ ಅಂತ ವಾಸ್ತು ಪ್ರಕಾರ ನೋಡುವ ಆಯದ ಲೆಕ್ಕ ಬಂದಾಗ. ಮನೆಯ ಹೊರ ಅಳತೆ ಉದ್ದ ಅಗಲ ಗುಣಿಸಬೇಕು, ಎಂಟರಿಂದ ಭಾಗಿಸಬೇಕು, ಉಳಿದದ್ದು ಆಯ. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ. ಏನೂ ಉಳಿಯದಿದ್ದರೆ ಎಂಟು ಅಂತ ಲೆಕ್ಕ, ಅದು ಕಾಕ. ಬೆಸ ಸಂಖ್ಯೆ ಬಂದರೆ ಒಳ್ಳೆಯದು, ಸಮ ಸಂಖ್ಯೆ ಬಂದರೆ ಕೆಟ್ಟದ್ದು. ಕೆಲವರು ಮೊದಲು ಒಂಬತ್ತರಿಂದ ಗುಣಿಸಿ ಆಮೇಲೆ ಎಂಟರಿಂದ ಭಾಗಿಸುತ್ತಾರೆ. ಅಡಿ ಪೂರ್ತಿ ಇದ್ದರೆ ಎರಡು ದಾರಿಯಲ್ಲೂ ಉತ್ತರ ಒಂದೇ ಬರುತ್ತದೆ, ಬೇಕಾದರೆ ಮಾಡಿ ನೋಡಿ. ಆದರೂ ಈ ಎರಡು ಪಂಗಡದವರು ಪಾಯದ ಗುಂಡಿ ಪಕ್ಕ ನಿಂತು ಜಗಳ ಆಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಬ್ಬ ಯಜಮಾನರದ್ದು 30 ಅಡಿ 40 ಅಡಿ ಸೈಟು. ಸುತ್ತ ಮೂರು ಮೂರು ಅಡಿ ಬಿಟ್ಟರೆ ಮನೆ 24 ಅಡಿ 34 ಅಡಿ. ಗುಣಿಸಿದರೆ 816, ಎಂಟರಿಂದ ಭಾಗಿಸಿದರೆ ಶೇಷ ಸೊನ್ನೆ. ಕಾಗೆ! ಅವರ ಮುಖ ಇಷ್ಟು ಸಣ್ಣದಾಯಿತು. ಸಮಾಧಾನ ಮಾಡೋಣ ಅಂತ ನಾನು, "ಸಾರ್, ನಿಮ್ಮದೊಂದೇ ಅಲ್ಲ. 30 ನಾಲ್ವತ್ತು ಗುಣಿಸಿ, 1200. ಕಾಗೆ. 20 ಮೂವತ್ತು ಗುಣಿಸಿ, 600. ಕಾಗೆ. 40 ಅರವತ್ತು, 2400. ಅದೂ ಕಾಗೆ. ಇಡೀ ಬಡಾವಣೆಯನ್ನೇ ಕಾಗೆಗೆ ಬರೆದುಕೊಟ್ಟಿದ್ದಾರೆ," ಅಂದೆ. ಶಾಸ್ತ್ರದವರು ಪಕ್ಕದಲ್ಲೇ ಇದ್ದರು. ಸೈಟಿನ ಅಳತೆ ನೋಡಬಾರದು, ಮನೆಯದ್ದು ನೋಡಬೇಕು ಅಂದರು. ಸರಿ, ಅವರು ಹೇಳಿದ್ದು ನ್ಯಾಯ. ಒಂದು ಅಡಿ ಒಳಗೆ ತಂದು 23 ಅಡಿ 33 ಅಡಿ ಮಾಡಿದೆವು. 759. ಶೇಷ ಏಳು. ಗಜಾಯ. ಯಜಮಾನರು ಖುಷಿಯಿಂದ ಚಹಾ ತರಿಸಿದರು.

ಚಹಾ ಮುಗಿಯುವ ಮೊದಲೇ ಅವರಿಗೆ ಹೊಸ ಯೋಚನೆ ಬಂತು. "ಮೇಸ್ತ್ರಿ, ಹೊರಗಡೆ ಪ್ಲಾಸ್ಟರ್ ಎಷ್ಟು ದಪ್ಪ ಬರುತ್ತೆ?" ಮುಕ್ಕಾಲು ಇಂಚು ಅಂದೆ. "ಅಂದರೆ ಎರಡು ಕಡೆ ಸೇರಿ ಒಂದೂವರೆ ಇಂಚು ಜಾಸ್ತಿ ಆಯಿತು. ಆಗ ಆಯ ಏನಾಗುತ್ತೆ?" ಎಲ್ಲರೂ ಸುಮ್ಮನಾದರು. ಶಾಸ್ತ್ರದವರು ಮೊಬೈಲಿನಲ್ಲಿ ಗುಣಾಕಾರಕ್ಕೆ ಶುರು ಮಾಡಿದರು. ಇನ್ನು ಬಿಟ್ಟರೆ ಪಾಯ ಕಿತ್ತು ಹಾಕುತ್ತಾರೆ ಅನ್ನಿಸಿತು. "ಸಾರ್, ಆನೆ ಮೈಮೇಲೆ ಮಣ್ಣು ಎರಚಿಕೊಂಡರೂ ಆನೆಯೇ ತಾನೇ? ದಸರಾದಲ್ಲಿ ನೋಡಿಲ್ವಾ, ಬಣ್ಣ ಬಳಿದರೂ ಆನೆಯೇ," ಅಂದೆ. ಶಾಸ್ತ್ರದವರೇ ಮೊದಲು ನಕ್ಕರು. ಪಾಯ ಉಳಿಯಿತು. ನನಗೆ ಆಯದಲ್ಲಿ ನಂಬಿಕೆ ಇದೆಯಾ ಅಂತ ಕೇಳಬೇಡಿ. ಪಾಯ ಹಾಕಿದ ಮೇಲೆ ಬದಲಾಯಿಸಬಾರದು ಅನ್ನುವುದರಲ್ಲಿ ಬಲವಾದ ನಂಬಿಕೆ ಇದೆ.

ಮುಂದಿನ ತಕರಾರು ನೀರು. ಗೋಡೆ ಒಣಗಿದರೆ ಗಟ್ಟಿಯಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಿಮೆಂಟ್ ನೀರಿನ ಜೊತೆ ಸೇರಿಯೇ ಗಟ್ಟಿಯಾಗುವುದು. ಬೇಗ ಒಣಗಿದರೆ ಅರ್ಧಕ್ಕೇ ನಿಲ್ಲುತ್ತದೆ. ಕನಿಷ್ಠ ಏಳು ದಿನ ಒದ್ದೆ ಇಡಬೇಕು. ನೀರು ಹಾಕುವ ಜವಾಬ್ದಾರಿ ಯಜಮಾನರದ್ದು ಅಂತ ಮೊದಲೇ ಮಾತಾಗಿರುತ್ತದೆ. ಎರಡು ದಿನ ಮಗ ಮಗಳು ಎಲ್ಲರೂ ಪೈಪ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಮೂರನೇ ದಿನ ಗೋಡೆ ಒಣಗಿ ಬೆಳ್ಳಗಾಗಿರುತ್ತದೆ. ಜೋರು ಮಾಡಿದರೆ ಸಿಟ್ಟು ಬರುತ್ತದೆ. ನಾನು ಹೇಳುವುದು ಇಷ್ಟು: "ಸಾರ್, ನಾನು ಮಂಡ್ಯದವನು. ನೀರು ಬಿಡಬೇಡಿ ಅಂತಾನೇ ನಾವು ರಸ್ತೆಗಿಳಿಯೋದು. ಅಂಥವನೇ ಕೈ ಮುಗಿದು ನೀರು ಬಿಡಿ ಅಂತಿದ್ದೀನಿ. ಗೋಡೆಗೆ ಬಿಡೋಕೆ ಯಾವ ಟ್ರಿಬ್ಯೂನಲ್ ಆರ್ಡರೂ ಬೇಕಾಗಿಲ್ಲ." ಇದು ಒಮ್ಮೆಯೂ ಸೋತಿಲ್ಲ. ಸಂಜೆ ಹೊತ್ತಿಗೆ ಫೋನ್ ಬರುತ್ತದೆ, "ಮೇಸ್ತ್ರಿ, ಇವತ್ತಿನ ಕೋಟಾ ಬಿಟ್ಟಿದ್ದೀನಿ."

ಮೋಲ್ಡ್ ಹಾಕುವ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾರಸಿ ಕಾಂಕ್ರೀಟನ್ನು ಮಧ್ಯೆ ನಿಲ್ಲಿಸದೆ ಒಂದೇ ಏಟಿಗೆ ಮುಗಿಸಬೇಕು. ಅವತ್ತು ಬಾಡೂಟ ಇರುತ್ತದೆ. ಕೊನೇ ಬಾಂಡ್ಲಿ ಸುರಿಯುವ ತನಕ ಪಾತ್ರೆಯ ಮುಚ್ಚಳ ತೆಗೆಯಬಾರದು ಅನ್ನುವುದು ನನ್ನ ಕಾನೂನು. ಬಿರಿಯಾನಿ ವಾಸನೆ ಮೇಲಕ್ಕೆ ಬಂತೋ, ಕಾಂಕ್ರೀಟ್ ಕೆಳಗೆ ನಿಂತಿತು.

ನಮ್ಮ ಗುಂಪಿನಲ್ಲಿ ಒಬ್ಬಳು ಅಕ್ಕ ಇದ್ದಾಳೆ, ಗಾರೆ ಹೊರುವವಳು. ಒಂದು ಸಲ ಹೊಸ ಇಂಜಿನಿಯರ್ ಒಬ್ಬರು ದೂರ ನಿಂತು ಗೋಡೆಯ ಫೋಟೋ ತೆಗೆದು "ಗೋಡೆ ವಾಲಿದೆ" ಅಂದರು. ನಾನು ತೂಗುಗುಂಡು ಹುಡುಕುವಷ್ಟರಲ್ಲಿ ಇವಳು ತಲೆ ಮೇಲಿನ ಬಾಂಡ್ಲಿ ಇಳಿಸದೆಯೇ, "ಸಾರ್, ಗೋಡೆ ನೆಟ್ಟಗೇ ಐತೆ, ಫೋನು ನೆಟ್ಟಗೆ ಹಿಡ್ಕಳಿ," ಅಂದಳು. ಗುಂಡು ಬಿಟ್ಟು ನೋಡಿದರೆ ದಾರಕ್ಕೂ ಗೋಡೆಗೂ ಮೇಲಿಂದ ಕೆಳಗಿನವರೆಗೆ ಒಂದೇ ಅಂತರ. ಅವಳ ಕೂಲಿ ನನ್ನದಕ್ಕಿಂತ ಎಷ್ಟೋ ಕಮ್ಮಿ. ಈ ಕಸುಬಿನಲ್ಲಿ ನನಗೆ ನಗು ಬರದ ಲೆಕ್ಕ ಅದೊಂದೇ.

ಇನ್ನೊಂದು ಜಾಗದಲ್ಲೂ ತಮಾಷೆ ಬೇಡ ಅಂತ ಇಟ್ಟಿದ್ದೇನೆ. ಸಾರ್ವೆ, ಅಂದರೆ ಕೆಲಸಕ್ಕೆ ಗೋಡೆ ಪಕ್ಕ ಕಟ್ಟಿದ ಅಟ್ಟಣೆ, ಅದರ ಮೇಲೆ ನಿಂತವನನ್ನು ಯಾರೂ ನಗಿಸಬಾರದು, ಕೂಗಬಾರದು. ಅವನು ಕೆಳಗೆ ಇಳಿಯಲಿ, ಆಮೇಲೆ ಎಷ್ಟು ಬೇಕಾದರೂ ಗೋಳು ಹೊಯ್ದುಕೊಳ್ಳಿ.

ಕೊನೆ ಕಂತಿನ ವಿಷಯಕ್ಕೆ ಬರೋಣ. ಗೃಹಪ್ರವೇಶಕ್ಕೆ ಮೊದಲು ಕೊಡುತ್ತೇನೆ ಅನ್ನುತ್ತಾರೆ. ಆದ ಮೇಲೆ ಖರ್ಚು ಜಾಸ್ತಿ ಆಯ್ತು ಅನ್ನುತ್ತಾರೆ. ಪಂಚೆ, ಶರ್ಟು, ಹೋಳಿಗೆ ಊಟ ಎಲ್ಲ ಸಿಗುತ್ತದೆ, ದುಡ್ಡು ಮಾತ್ರ ಸಿಗುವುದಿಲ್ಲ. ಅದಕ್ಕೆ ನಾನು ಗೇಟಿನ ಎರಡು ಕಂಬಗಳಲ್ಲಿ ಒಂದಕ್ಕೆ ಮಾತ್ರ ಟೋಪಿ ಹಾಕಿ ಇನ್ನೊಂದನ್ನು ಬೋಳು ಬಿಡುತ್ತೇನೆ. ಮನೆಗೆ ಯಾವ ತೊಂದರೆಯೂ ಇಲ್ಲ. ಆದರೆ ಬಂದ ನೆಂಟರೆಲ್ಲ ಅದನ್ನೇ ನೋಡಿ "ಇದ್ಯಾಕೆ ಹೀಗೆ?" ಅಂತ ಕೇಳುತ್ತಾರೆ. ಆಯದ ಯಜಮಾನರೂ ಒಂದು ದಿನ ಫೋನ್ ಮಾಡಿ ಕೇಳಿದರು.

"ಸಾರ್, ಟೋಪಿ ರೆಡಿ ಇದೆ. ನೀವು ನನಗೆ ಹಾಕ್ತೀರೋ, ನಾನು ಕಂಬಕ್ಕೆ ಹಾಕ್ಬೇಕೋ ಅಂತ ಕಾಯ್ತಿದ್ದೀನಿ," ಅಂದೆ.

ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು. ಮಾರನೇ ದಿನ ಪೂರ್ತಿ ದುಡ್ಡು ಬಂತು. ಮಧ್ಯಾಹ್ನವೇ ಹೋಗಿ ಟೋಪಿ ಕೂರಿಸಿದೆ. ಹೊರಡುವಾಗ ಪೈಪನ್ನು ಅವರ ಕೈಗೇ ಕೊಟ್ಟು, ಇದಕ್ಕೂ ಏಳು ದಿನ ಅಂತ ಹೇಳಿ ಬಂದೆ.