ಧರೆ ಜರಿಯುವ ಕಡೆ ಲಾವಂಚ ಹಾಕಿ ನೋಡಿ

ಮಳೆಗಾಲ ಬಂತು ಅಂದ್ರೆ ತೀರ್ಥಹಳ್ಳಿ, ಹೊಸನಗರದ ಕಡೆ ಧರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ, ಜರಿಯುವುದು ಇದ್ದದ್ದೇ. ಕಲ್ಲು ಕಟ್ಟಿಸಲು ದುಡ್ಡು ಜಾಸ್ತಿ. ಅದಕ್ಕೆ ಮೊದಲು ನಮ್ಮದೇ ಹುಲ್ಲು ಲಾವಂಚ ಹಾಕಿ ನೋಡಿ. ಇದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿದ್ದರೆ 3 ಮೀಟರ್‌ವರೆಗೂ.

ಮಳೆ ಹಿಡಿದ ಮೇಲೆ ಹಳೆ ಬುಡ ಕಿತ್ತು, ಎರಡು ಮೂರು ಕಡ್ಡಿ ಒಟ್ಟಿಗಿರುವಂತೆ ಬಿಡಿಸಿಕೊಳ್ಳಿ. ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ಬೆರಳುದ್ದಕ್ಕೆ ಕತ್ತರಿಸಿ. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ, 10–15 ಸೆಂಟಿಮೀಟರ್‌ಗೆ ಒಂದರಂತೆ ನೆಡಿ. ಇಲ್ಲಿ ಕಂಜೂಸುತನ ಬೇಡ. ನಡುವೆ ಸಂದು ಬಿಟ್ಟರೆ ನೀರು ಅಲ್ಲೇ ನುಗ್ಗಿ ಕೊರೆಯುತ್ತದೆ. ಸಾಲು ಕೂಡಿಕೊಂಡರೆ ಹರಿದು ಬಂದ ಮಣ್ಣು ಅದರ ಹಿಂದೆಯೇ ನಿಲ್ಲುತ್ತದೆ. ಅಡಿಕೆ ಮರದ ನೆರಳಲ್ಲಿ ಮಾತ್ರ ಸುಮ್ನೆ ದಂಡ, ಬಿಸಿಲು ಬೇಕೇ ಬೇಕು.

ಮೊದಲ ವರ್ಷ ದನ ಬಿಡಬೇಡಿ. ಆಮೇಲೆ ಮೊಣಕಾಲೆತ್ತರಕ್ಕೆ ಕೊಯ್ಯುತ್ತಿರಿ. ಎಳೆ ಎಲೆ ದನ ತಿನ್ನುತ್ತವೆ, ಬಲಿತದ್ದು ಅಂಚು ಒರಟು, ಮೂಸಿಯೂ ನೋಡಲ್ಲ. ಅದು ಕೊಟ್ಟಿಗೆಗೆ ಹಾಸಲು, ಗಿಡದ ಬುಡಕ್ಕೆ ಮುಚ್ಚಲು ಆಗುತ್ತದೆ. ಹಾಗಾಗಿ ಮೇವೇ ಮುಖ್ಯ ಅನ್ನುವವರಿಗೆ ಇದನ್ನು ಹೇಳಲ್ಲ.

ಬೇರಿಗೆ ಒಳ್ಳೆ ಬೆಲೆ ಇದೆ ಅಂತ ಧರೆ ಮೇಲಿನದ್ದನ್ನು ಅಗೆಯಬೇಡಿ ಮತ್ತೆ! ಮಾರಲು ಬೇಕಿದ್ದರೆ ಬೇರೆ ಜಾಗದಲ್ಲಿ ಬೆಳೆಸಿ.